ಹಿನ್ನೀರಿನಲ್ಲಿ ದೋಣಿ ವಿಹಾರ: ನೆಂಟರು, ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ದಂಡೆಯಲ್ಲಿದೆ. ರಜೆ ಬಂತೆಂದರೆ ಮನೆ ತುಂಬ ಜನ. ಕಾಫಿ ಕುಡಿದು ಮುಗಿಯುವ ಮೊದಲೇ "ದೋಣಿ ಸಿಗುತ್ತಾ?" ಎನ್ನುವ ಪ್ರಶ್ನೆ ಬರುತ್ತದೆ. ಸಿಗುತ್ತದೆ. ಆದರೆ ಹತ್ತುವ ಮೊದಲು ಕೆಲವು ಮಾತು ಹೇಳಲೇಬೇಕು. ವರ್ಷ ವರ್ಷವೂ ಬಾಯಲ್ಲಿ ಹೇಳುತ್ತಿದ್ದದ್ದನ್ನು ಈ ಸಲ ಬರೆದಿದ್ದೇನೆ.

ನೀರು ಇಷ್ಟು ಶಾಂತವಾಗಿದೆ. ಇಲ್ಲಿ ಅಪಾಯ ಎಲ್ಲಿಂದ ಬರಬೇಕು?

ಇದು ಕೆರೆಯಲ್ಲ. ಮುಳುಗಿದ ಕಾಡು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಇಲ್ಲಿದ್ದ ಗದ್ದೆ, ತೋಟ, ಮನೆ, ಮರ ಎಲ್ಲದರ ಮೇಲೆ ನೀರು ಬಂತು. ಆ ಮರಗಳ ಬೊಡ್ಡೆಗಳು ಇವತ್ತಿಗೂ ನೀರಿನಡಿ ನಿಂತಿವೆ. ಅಣೆಕಟ್ಟು ತುಂಬಿದಾಗ ಸಮುದ್ರ ಮಟ್ಟದಿಂದ 1819 ಅಡಿಯವರೆಗೆ ನೀರು ಇರುತ್ತದೆ. ಆಮೇಲೆ ವಿದ್ಯುತ್ತಿಗೆಂದು ಬಿಡುತ್ತಾ ಬಂದ ಹಾಗೆ ಇಳಿಯುತ್ತದೆ. ಬೇಸಿಗೆಯಲ್ಲಿ ತೀರಾ ಕಡಿಮೆಯಾದರೆ ಲಿಂಗನಮಕ್ಕಿಗೂ ಮೊದಲು ಕಟ್ಟಿದ್ದ ಮಡೆನೂರು ಅಣೆಕಟ್ಟೇ ಎದ್ದು ಕಾಣುತ್ತದೆ.

ಇದರ ಅರ್ಥ ಏನು ಗೊತ್ತಾ? ದೀಪಾವಳಿಗೆ ಬಂದಾಗ ನೀವು ಆರಾಮಾಗಿ ದಾಟಿದ ಜಾಗದಲ್ಲಿ ಶಿವರಾತ್ರಿಯ ಹೊತ್ತಿಗೆ ಒಂದು ಬೊಡ್ಡೆ ಗೇಣುದ್ದ ಕೆಳಗೆ ಕಾದಿರಬಹುದು. ಮೇಲೆ ಕಂಡ ಬೊಡ್ಡೆಗೆ ಯಾರೂ ಬಡಿಯುವುದಿಲ್ಲ. ಕಾಣದ್ದಕ್ಕೆ ಬಡಿಯುತ್ತಾರೆ. ದಂಡೆಯಲ್ಲೂ ಅಷ್ಟೇ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರು ಹಳೇ ಹೊಳೆಯ ಅಂಚು ಬಂದ ಕೂಡಲೇ ಆಳಕ್ಕೆ ಇಳಿದುಬಿಡುತ್ತಾರೆ.

ಇನ್ನೊಂದು ಮಾತು. ಇಲ್ಲಿ ಸಹಾಯ ದೂರ. ಊರಿಂದ ಊರಿಗೆ ನೀರಿನ ಮೇಲೆ ಕಾಣುವ ದೂರ ಬೇರೆ, ರಸ್ತೆಯಲ್ಲಿ ಸುತ್ತಿ ಬರುವ ದೂರವೇ ಬೇರೆ. ಹಾಗಾಗಿ ಮೊದಲ ಅರ್ಧ ಗಂಟೆ ನಿಮ್ಮನ್ನು ಉಳಿಸುವುದು ದೋಣಿಯಲ್ಲಿ ಏನಿದೆ ಎನ್ನುವುದು, ಮತ್ತು ಹೊರಡುವ ಮೊದಲು ದಡದಲ್ಲಿ ನೀವು ಏನು ಮಾಡಿ ಬಂದಿರಿ ಎನ್ನುವುದು. ಕೆಳಗಿನ ಉತ್ತರಗಳನ್ನೆಲ್ಲ ಇದೇ ಲೆಕ್ಕದಲ್ಲಿ ಬರೆದಿದ್ದೇನೆ.

ಯಾವ ತಿಂಗಳು ಬಂದರೆ ಒಳ್ಳೆಯದು?

ನವೆಂಬರ್‌ನಿಂದ ಫೆಬ್ರವರಿ. ಮುಂಗಾರಿನಲ್ಲಿ, ಅದರಲ್ಲೂ ಪುನರ್ವಸು, ಪುಷ್ಯ ಮಳೆಗಳು ಹಿಡಿದಾಗ ವಿಹಾರ ಬೇಡವೇ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಬಂದರೆ ಬೆಳಿಗ್ಗೆ ಹೋಗಿ ಹನ್ನೊಂದರ ಒಳಗೆ ವಾಪಸ್ ಬನ್ನಿ. ಮಧ್ಯಾಹ್ನದ ಮೇಲೆ ಗುಡುಗು ಯಾವಾಗ ಶುರುವಾಗುತ್ತದೆ ಹೇಳಲಾಗದು. ಚಳಿಗಾಲದ ಬೆಳಗಿನಲ್ಲಿ ಮಂಜು ಕವಿದಿದ್ದರೆ ಎದುರು ದಡ ಕಾಣುವ ತನಕ ಕಾಯಿರಿ.

ನನಗೆ ಚೆನ್ನಾಗಿ ಈಜು ಬರುತ್ತದೆ. ಆದರೂ ಲೈಫ್ ಜಾಕೆಟ್ ಬೇಕಾ?

ಬೇಕು. ಬಿದ್ದಾಗ ತಲೆಗೆ ದೋಣಿಯ ಅಂಚು ಬಡಿದರೆ ಈಜು ಕೆಲಸಕ್ಕೆ ಬರುವುದಿಲ್ಲ. ಪ್ಯಾಂಟು, ಬೂಟು ಹಾಕಿಕೊಂಡು ಗಾಳಿಗೆ ಎದ್ದ ಅಲೆಯಲ್ಲಿ ಈಜುವುದೂ ಈಜುಕೊಳದಲ್ಲಿ ಈಜುವುದೂ ಒಂದೇ ಅಲ್ಲ.

ಜಾಕೆಟ್ ಇದ್ದರೆ ಸಾಲದು, ಮೈಮೇಲಿರಬೇಕು. "ಸೆಕೆ ಆಗುತ್ತೆ, ಬೇಕಾದಾಗ ಹಾಕಿಕೊಳ್ಳೋಣ" ಎಂದು ಸೀಟಿನ ಕೆಳಗಿಡುವವರು ಜಾಸ್ತಿ. ನೀರಿಗೆ ಬಿದ್ದ ಮೇಲೆ ಜಾಕೆಟ್ ಹಾಕಿಕೊಂಡು ಬಕಲ್ ಹಾಕುವುದು ಎಷ್ಟು ಕಷ್ಟ ಎಂದು ಎದೆಮಟ್ಟದ ನೀರಿನಲ್ಲಿ ಒಮ್ಮೆ ಮಾಡಿ ನೋಡಿ. ಮತ್ತೆ ಯಾವತ್ತೂ ಸೀಟಿನ ಕೆಳಗೆ ಇಡುವುದಿಲ್ಲ.

ಹಾಕಿಕೊಂಡ ಮೇಲೆ ಎಲ್ಲ ಬಕಲ್ ಬಿಗಿ ಮಾಡಿ, ಜೊತೆಯವರಿಗೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಜಾಕೆಟ್ ಗಲ್ಲ ದಾಟಿ ಕಿವಿಯವರೆಗೆ ಬಂದರೆ ಅದು ಸಡಿಲ. ನೀರಿನಲ್ಲಿ ಅದು ಮೇಲೆ ತೇಲುತ್ತದೆ, ನೀವು ಕೆಳಗೆ ಜಾರುತ್ತೀರಿ. ಒಳಗಿನ ಚೀಟಿ ನೋಡಿ. 50 ನ್ಯೂಟನ್ (ತೇಲಿಸುವ ಬಲದ ಅಳತೆ) ಎಂದಿದ್ದರೆ ಅದು ಈಜು ಬರುವವರಿಗೆ ಒಂದು ಆಸರೆ ಮಾತ್ರ. ಈಜು ಬಾರದವರಿಗೆ 100 ನ್ಯೂಟನ್ ಅಥವಾ ಅದಕ್ಕಿಂತ ಹೆಚ್ಚಿನದು ಬೇಕು. ಒಳಗಿನ ಫೋಮ್ ಒತ್ತಿದಾಗ ಪುಡಿಪುಡಿ ಆದಂತಿದ್ದರೆ, ಪಟ್ಟಿ ಹರಿದಿದ್ದರೆ, ಬೇರೆ ಕೇಳಿ. ಜಾಕೆಟ್ಟನ್ನು ದಿಂಬಿನ ಹಾಗೆ ಹಾಕಿಕೊಂಡು ಕೂರಬೇಡಿ, ಫೋಮ್ ಚಪ್ಪಟೆಯಾಗುತ್ತದೆ.

ಚಿಕ್ಕ ಮಕ್ಕಳಿಗೆ ದೊಡ್ಡವರ ಜಾಕೆಟ್ ಬಿಗಿದು ಕಟ್ಟಿದರೆ ನಡೆಯುತ್ತಾ?

ನಡೆಯುವುದಿಲ್ಲ. ಮಗು ತೋಳಿನ ಸಂದಿಯಿಂದ ಜಾರಿ ಹೋಗುತ್ತದೆ. ಮಗುವಿನ ತೂಕಕ್ಕೆ ಸರಿಯಾದ್ದು, ಕಾಲಿನ ನಡುವೆ ಪಟ್ಟಿ ಇರುವಂಥದ್ದು ಬೇಕು. ಅದು ಸಿಗದಿದ್ದರೆ ಆ ಸಲ ಮಗುವನ್ನು ದಡದಲ್ಲೇ ಬಿಡಿ. ಅತ್ತರೂ ಪರವಾಗಿಲ್ಲ. ಇನ್ನೊಂದು ಮಾತು ತಾಯಂದಿರಿಗೆ: ಮಗುವನ್ನು ಸೆರಗಿನಲ್ಲೋ ವೇಲಿನಲ್ಲೋ ನಿಮ್ಮ ಮೈಗೆ ಕಟ್ಟಿಕೊಳ್ಳಬೇಡಿ.

ದೋಣಿಯವರು ಸರಿಯಿದ್ದಾರೋ ಇಲ್ಲವೋ ಹೇಗೆ ತಿಳಿಯುವುದು?

ಎಂಜಿನ್ ಇರುವ ದೋಣಿಗೆ 2021ರ ಒಳನಾಡು ಹಡಗುಗಳ ಕಾಯಿದೆ ಪ್ರಕಾರ ನೋಂದಣಿ ಮತ್ತು ತಪಾಸಣೆಯ ಪ್ರಮಾಣಪತ್ರ ಬೇಕು. ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಎಷ್ಟು ಜನ ಕೂರಬಹುದು ಎಂದು ಕೇಳಿ, ಹತ್ತಿದವರನ್ನು ನೀವೇ ಎಣಿಸಿ. "ಇನ್ನಿಬ್ಬರು ಅಲ್ವಾ, ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನುವ ದೋಣಿಯಿಂದ ಇಳಿದುಬಿಡಿ.

2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿಗರ ದೋಣಿ ಮಗುಚಿ 45 ಜನ ತೀರಿಕೊಂಡರು. ದಂಡೆಯಲ್ಲಿ ಕಂಡ ಪ್ರಾಣಿಗಳನ್ನು ನೋಡಲು ಜನ ಒಂದೇ ಕಡೆಗೆ ಸರಿದಿದ್ದರು. ಅದೂ ನಮ್ಮದರ ಹಾಗೆ ಅಣೆಕಟ್ಟಿನ ನೀರು, ಸುತ್ತ ಕಾಡು. 2024ರ ಜನವರಿಯಲ್ಲಿ ವಡೋದರದ ಹರ್ಣಿ ಕೆರೆಯಲ್ಲಿ ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳ ದೋಣಿ ಮುಳುಗಿತು. 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ದೋಣಿಯಲ್ಲಿ ತುಂಬ ಜನರಿದ್ದರು. ಜಾಕೆಟ್ ಇದ್ದದ್ದು ಕೆಲವರಿಗೆ ಮಾತ್ರ. ಶಾಲೆಯವರು ಇಲ್ಲಿಗೆ ಮಕ್ಕಳನ್ನು ಕರೆತಂದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ದಡದಲ್ಲಿ ಏನು ಹೇಳಿ ಹೋಗಬೇಕು?

ನನ್ನ ಪ್ರಕಾರ ಈ ಪುಟದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಆದರೆ ಇದನ್ನು ಯಾರೂ ಕೇಳುವುದಿಲ್ಲ. ನಾನೇ ಸೇರಿಸಿದ್ದೇನೆ.

ಒಂದು ಚೀಟಿಯಲ್ಲಿ ಬರೆಯಿರಿ. ಯಾರು ಯಾರು, ಒಟ್ಟು ಎಷ್ಟು ಜನ, ದೋಣಿಯ ಬಣ್ಣ ಯಾವುದು, ಯಾವ ಕಡೆ ಹೋಗುತ್ತೀರಿ, ಎಷ್ಟು ಗಂಟೆಗೆ ವಾಪಸ್. ಅದನ್ನು ದಡದಲ್ಲಿ ಉಳಿಯುವ ಒಬ್ಬರ ಕೈಗೆ ಕೊಡಿ. "ಐದಕ್ಕೆ ಬರುತ್ತೇವೆ, ಐದೂವರೆಗೆ ಬರದಿದ್ದರೆ ಜನ ಕರೆಯಿರಿ" ಎಂದು ಬಾಯಿಬಿಟ್ಟು ಹೇಳಿ.

ನನಗೆ ಹತ್ತೊಂಬತ್ತು ವರ್ಷವಿದ್ದಾಗ ಮಾರ್ಚ್ ತಿಂಗಳಲ್ಲಿ ಚಿಕ್ಕಪ್ಪನ ಇಬ್ಬರು ಮಕ್ಕಳ ಜೊತೆ ಹುಟ್ಟು ಹಾಕಿಕೊಂಡು ಹೋಗಿದ್ದೆ. ಚಿಕ್ಕ ಫೈಬರ್ ದೋಣಿ. ಬೊಡ್ಡೆಗೆ ಬಡಿದು ತಳ ಸೀಳಿತು. ಪಂಚೆ ತುರುಕಿ, ಬುತ್ತಿ ಡಬ್ಬಿಯಲ್ಲಿ ನೀರು ಮೊಗೆಯುತ್ತಾ ಹೇಗೋ ಒಂದು ನಡುಗಡ್ಡೆ ಸೇರಿದೆವು. ಮೊಬೈಲ್ ಒದ್ದೆಯಾಗಿತ್ತು. ಕೂಗಿದರೆ ಕೇಳಲು ಯಾರೂ ಇಲ್ಲ. ಕತ್ತಲಾಯಿತು. ಮನೆಯಲ್ಲಿ ದೊಡ್ಡಮ್ಮನಿಗೆ ಒಂದು ಅಭ್ಯಾಸವಿತ್ತು. ಯಾರು ನೀರಿಗೆ ಹೋದರೂ "ಎಷ್ಟೊತ್ತಿಗೆ ಬರ್ತೀಯ, ಯಾವ ದಿಕ್ಕು?" ಎಂದು ಕೇಳದೆ ಬಿಡುತ್ತಿರಲಿಲ್ಲ. ನಾವು ಸಿಟ್ಟಿನಲ್ಲೇ ಉತ್ತರ ಹೇಳಿ ಹೋಗಿದ್ದೆವು. ದೀಪ ಹಚ್ಚುವ ಹೊತ್ತಿಗೆ ಬರಲಿಲ್ಲ ಎಂದ ಕೂಡಲೇ ಅವರು ಪಕ್ಕದ ಮನೆಯವರನ್ನು ಎಬ್ಬಿಸಿ, ಸರಿಯಾದ ದಿಕ್ಕಿಗೆ ಕಳಿಸಿದರು. ರಾತ್ರಿ ಒಂಬತ್ತಕ್ಕೆ ಟಾರ್ಚಿನ ಬೆಳಕು ಕಂಡಿತು. ಆ ಎರಡು ಪ್ರಶ್ನೆ ಇಲ್ಲದಿದ್ದರೆ ನಮ್ಮನ್ನು ಎಲ್ಲಿ ಹುಡುಕುತ್ತಿದ್ದರು?

ಮೊಬೈಲ್ ಇದೆಯಲ್ಲ, ಫೋನ್ ಮಾಡಿದರೆ ಆಯಿತಲ್ವಾ?

ಹಿನ್ನೀರಿನ ತುಂಬ ಕಡೆ ನೆಟ್‌ವರ್ಕ್ ಇಲ್ಲ. ಇದ್ದರೆ 112ಕ್ಕೆ ಮಾಡಿ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಅದೊಂದೇ ಸಂಖ್ಯೆ. ಆಂಬುಲೆನ್ಸ್ ಮಾತ್ರ ಸಾಕಾದರೆ 108. ಮೊದಲು ಜಾಗ ಹೇಳಿ, ಆಮೇಲೆ ಏನಾಯಿತು, ಎಷ್ಟು ಜನ. "ಹಿನ್ನೀರಿನ ಮಧ್ಯ" ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಹತ್ತಿದ ಕಡವಿನ ಹೆಸರು, ಹತ್ತಿರದ ಊರು, ಕಾಣುವ ಗುಡ್ಡ ಅಥವಾ ಸೇತುವೆ ಹೇಳಿ. ಫೋನಿನ ಜಿಪಿಎಸ್ ನೆಟ್‌ವರ್ಕ್ ಇಲ್ಲದೆಯೂ ಕೆಲಸ ಮಾಡುತ್ತದೆ. ಅದರಲ್ಲಿ ಬರುವ ಅಕ್ಷಾಂಶ, ರೇಖಾಂಶದ ಅಂಕಿಗಳನ್ನು ಎಸ್ಸೆಮ್ಮೆಸ್ ಮಾಡಿ. ಕರೆ ಹೋಗದ ಕಡೆ ಎಷ್ಟೋ ಸಲ ಎಸ್ಸೆಮ್ಮೆಸ್ ಹೋಗುತ್ತದೆ. ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಳ್ಳಿ.

ಫೋನ್ ಇಲ್ಲದಿದ್ದರೆ ಸೀಟಿ. ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ. ಕೂಗಿದರೆ ಗಂಟಲು ಬೇಗ ಸೋಲುತ್ತದೆ, ಸೀಟಿ ಸೋಲುವುದಿಲ್ಲ. ದೂರದ ದೋಣಿಗೆ ಕಾಣಬೇಕಾದರೆ ಎರಡೂ ಕೈ ಅಗಲಿಸಿ ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿ. ಒಂದೇ ಕೈ ಬೀಸಿದರೆ ಟಾಟಾ ಮಾಡುತ್ತಿದ್ದಾರೆ ಎಂದುಕೊಂಡು ಅವರೂ ಕೈ ಬೀಸಿ ಹೋಗುತ್ತಾರೆ.

ದೋಣಿಯಲ್ಲಿ ಏನೇನು ಇರಬೇಕು?

ಒಂದು ಹೆಚ್ಚಿನ ಹುಟ್ಟು, ಎಂಜಿನ್ ಇದ್ದರೂ ಸರಿ. ನೀರು ಮೊಗೆಯಲು ಹಿಡಿಯಿರುವ ಡಬ್ಬಿ. ಸೀಟಿ, ಟಾರ್ಚು, ಚಾಕು, ಕುಡಿಯುವ ನೀರು, ಒಂದಿಷ್ಟು ಹಳೇ ಬಟ್ಟೆ. ಮತ್ತೆ ನಮ್ಮ ಮನೆಯ ಒಂದು ಸಾಮಾನು: ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಹದಿನೈದು ಮೀಟರ್ ನೈಲಾನ್ ಹಗ್ಗ ಕಟ್ಟಿ ಇಟ್ಟಿದ್ದೇವೆ. ಕ್ಯಾನಿನೊಳಗೆ ಎರಡು ಲೋಟದಷ್ಟು ನೀರು ಹಾಕಿ ಮುಚ್ಚಳ ಬಿಗಿ ಮಾಡಿದರೆ ದೂರ ಎಸೆಯಲು ಬರುತ್ತದೆ, ಬಿದ್ದ ಮೇಲೆ ತೇಲುತ್ತದೆ. ದುಡ್ಡು ಖರ್ಚಿಲ್ಲ.

ಯಾರಾದರೂ ನೀರಿಗೆ ಬಿದ್ದರೆ ತಕ್ಷಣ ಹಾರಬೇಕಾ?

ಹಾರಬೇಡಿ. ದಯವಿಟ್ಟು ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಮೂವರು ಹೋದರು ಎಂಬ ಸುದ್ದಿಯನ್ನು ನಮ್ಮ ಜಿಲ್ಲೆಯಲ್ಲಿ ಎಷ್ಟು ಸಲ ಓದಿಲ್ಲ? ಮುಳುಗುವವರು ಸಿಕ್ಕಿದ್ದನ್ನು ಅಪ್ಪಿಕೊಳ್ಳುತ್ತಾರೆ, ಹತ್ತಿ ನಿಲ್ಲಲು ನೋಡುತ್ತಾರೆ. ಅದು ಅವರ ತಪ್ಪಲ್ಲ.

ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಕೈ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತದೆ. ಉಸಿರಿಗೇ ಪುರುಸೊತ್ತಿಲ್ಲ, ಕೂಗುವುದೆಲ್ಲಿ? ಸದ್ದಿಲ್ಲದೆ ನಿಮಿಷದೊಳಗೆ ಮುಗಿದುಹೋಗುತ್ತದೆ. ಹಾಗಾಗಿ ಸುಮ್ನೆ ಆಟ ಆಡುತ್ತಿದ್ದಾರೆ ಅನ್ನಿಸಿದರೂ "ಸರಿಯಿದ್ದೀಯಾ?" ಎಂದು ಕೇಳಿ. ಉತ್ತರ ಬರದಿದ್ದರೆ ಅದನ್ನು ಆಪತ್ತು ಎಂದೇ ತಿಳಿಯಿರಿ.

ಮೊದಲು "ಬಿದ್ದರು" ಎಂದು ಕೂಗಿ. ಒಬ್ಬರು ಬೇರೆ ಯಾವ ಕೆಲಸವನ್ನೂ ಮಾಡದೆ ಬಿದ್ದವರ ಕಡೆಗೇ ಕೈ ತೋರಿಸುತ್ತಾ ಇರಬೇಕು. ಅಲೆಯಲ್ಲಿ ತಲೆ ಬಲು ಬೇಗ ಕಣ್ತಪ್ಪುತ್ತದೆ. ಇನ್ನೊಬ್ಬರು ತೇಲುವ ಏನನ್ನಾದರೂ ಎಸೆಯಲಿ. ಹತ್ತಿರವಿದ್ದರೆ ಹುಟ್ಟು, ಗಳ, ಸೀರೆ, ಟವೆಲ್ ಚಾಚಿ, ನೀವು ಮಲಗಿಕೊಂಡು ಎಳೆಯಿರಿ. ಎಂಜಿನ್ ದೋಣಿಯಾದರೆ ಬಿದ್ದವರು ಯಾವ ಕಡೆ ಇದ್ದಾರೋ ಆ ಕಡೆಗೇ ಮೂತಿ ತಿರುಗಿಸಿ. ಆಗ ಹಿಂದಿರುವ ಫ್ಯಾನು ಅವರಿಂದ ದೂರ ಸರಿಯುತ್ತದೆ. ಸುತ್ತು ಹಾಕಿ, ಗಾಳಿಗೆ ಎದುರಾಗಿ ನಿಧಾನಕ್ಕೆ ಬಂದು, ಹತ್ತಿರವಾದಾಗ ಎಂಜಿನ್ ಪೂರ್ತಿ ಆರಿಸಿ. ಚಿಕ್ಕ ದೋಣಿಯಾದರೆ ಪಕ್ಕದಿಂದ ಹತ್ತಿಸಬೇಡಿ, ಮಗುಚುತ್ತದೆ. ಹಿಂಬದಿಯಿಂದ ಹತ್ತಿಸಿ.

ದೋಣಿಯೇ ಮಗುಚಿದರೆ?

ದೋಣಿ ಬಿಡಬೇಡಿ. ಮಗುಚಿದ ದೋಣಿ ಹೆಚ್ಚಾಗಿ ತೇಲುತ್ತಲೇ ಇರುತ್ತದೆ, ಹುಡುಕುವವರಿಗೆ ದೂರದಿಂದಲೂ ಕಾಣುತ್ತದೆ. ನೀರಿನ ಮೇಲೆ ದಡ ಹತ್ತಿರ ಕಂಡಂತೆ ಅನ್ನಿಸುವುದು ಬರೀ ಕಣ್ಣಿನ ಮೋಸ. ಈಜಿ ಹೊರಟವರು ಅರ್ಧದಲ್ಲಿ ಸೋಲುತ್ತಾರೆ. ಮೊದಲು ತಲೆ ಎಣಿಸಿ, ಹೆಸರು ಕೂಗಿ. ಯಾರಾದರೂ ದೋಣಿಯಡಿ ಸಿಕ್ಕಿದ್ದಾರಾ ನೋಡಿ. ಮಕ್ಕಳನ್ನು ದೋಣಿಯ ಬೆನ್ನಿನ ಮೇಲೆ ಹತ್ತಿಸಿ. ಉಳಿದವರು ಅಂಚು ಹಿಡಿದು ಒತ್ತೊತ್ತಾಗಿ ಇರಿ. ಜಾಕೆಟ್ ಹಾಕಿ ತೇಲುತ್ತಿದ್ದರೆ ಮೊಣಕಾಲು ಎದೆಗೆ ಮಡಚಿ, ಕೈ ಕಟ್ಟಿಕೊಂಡಿರಿ. ನೀರು ಗಾಳಿಗಿಂತ ತುಂಬ ಬೇಗ ಮೈ ಬಿಸಿ ಎಳೆಯುತ್ತದೆ. ನಮ್ಮ ನೀರು ಕೊರೆಯುವಷ್ಟು ತಣ್ಣಗಿಲ್ಲ ನಿಜ, ಆದರೆ ಡಿಸೆಂಬರ್ ರಾತ್ರಿಯಲ್ಲಿ ಗಂಟೆಗಟ್ಟಲೆ ಇದ್ದರೆ ಕೈಕಾಲು ಮಾತು ಕೇಳುವುದಿಲ್ಲ.

ತಳಕ್ಕೆ ತೂತು ಬಿದ್ದರೆ?

ತೂತಿಗೆ ಬಟ್ಟೆ ತುರುಕಿ, ಅದರ ಮೇಲೆ ಕಾಲಿಟ್ಟು ಒತ್ತಿ ಹಿಡಿಯಿರಿ. ಜನ ಆಚೆ ತುದಿಗೆ ನಿಧಾನಕ್ಕೆ ಸರಿದರೆ ತೂತಿನ ಕಡೆ ಮೇಲೇಳುತ್ತದೆ. ಒಬ್ಬರು ಮೊಗೆಯುತ್ತಲೇ ಇರಲಿ. ಹೊರಟ ಕಡವಿಗೆ ವಾಪಸ್ ಹೋಗುವ ಯೋಚನೆ ಬಿಟ್ಟು, ಹತ್ತಿರದ ಯಾವ ದಡವಾದರೂ ಸೇರಿ.

ಗಾಳಿ ಎದ್ದರೆ, ಗುಡುಗು ಶುರುವಾದರೆ?

ಗಾಳಿಗೆ ಎಲ್ಲರೂ ಸೀಟು ಬಿಟ್ಟು ದೋಣಿಯ ತಳದಲ್ಲಿ ಕೂರಿ. ಅಲೆ ಪಕ್ಕದಿಂದ ಬಡಿಯಲು ಬಿಡಬೇಡಿ. ಮೂತಿಯನ್ನು ಅಲೆಗೆ ಸ್ವಲ್ಪ ಓರೆಯಾಗಿ ಇಟ್ಟು ನಿಧಾನಕ್ಕೆ ಸಾಗಿ.

ಮಿಂಚು ಕಂಡ ಮೇಲೆ ಎಣಿಸಿ. ಪ್ರತಿ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತರ ಒಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಕೂಡಲೇ ದಡ ಸೇರಬೇಕು. ಬಯಲು ನೀರಿನ ಮೇಲೆ ಎಲ್ಲಕ್ಕಿಂತ ಎತ್ತರ ಇರುವುದು ನಿಮ್ಮ ತಲೆ. ದಡದಲ್ಲಿ ಒಂಟಿ ಮರದಡಿ ನಿಲ್ಲಬೇಡಿ. ಮನೆ ಅಥವಾ ಕಾರಿನೊಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಮತ್ತೆ ದೋಣಿ ಇಳಿಸಬೇಡಿ. ನೀರಿನಲ್ಲೇ ಸಿಕ್ಕಿಬಿದ್ದರೆ ನಡುವೆ ತಗ್ಗಿ ಕೂತು, ಲೋಹ ಮುಟ್ಟದೆ, ಕೈ ನೀರಿಗೆ ತಾಗಿಸದೆ ಇರಿ.

ಎಂಜಿನ್‌ಗೆ ಬೆಂಕಿ ಹತ್ತಿಕೊಂಡರೆ?

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ಕೂತಿರುತ್ತದೆ. ಆದ್ದರಿಂದ ಪೆಟ್ರೋಲ್ ತುಂಬುವುದು ದಡದಲ್ಲಿ, ಎಂಜಿನ್ ಆರಿಸಿ, ಜನ ಇಳಿದ ಮೇಲೆ. ಬೀಡಿ ಸಿಗರೇಟು ಹತ್ತಿರ ಬೇಡ. ಬೆಂಕಿ ಬಂದರೆ ಪೆಟ್ರೋಲ್ ಬಂದ್ ಮಾಡಿ, ಹೊಗೆ ಜನರ ಮೇಲೆ ಬಾರದ ಹಾಗೆ ದೋಣಿ ತಿರುಗಿಸಿ. ಪುಡಿಯ ಅಗ್ನಿಶಾಮಕದ ಪಿನ್ ಕಿತ್ತು ಜ್ವಾಲೆಯ ಬುಡಕ್ಕೆ ಹಿಡಿಯಿರಿ. ಪೆಟ್ರೋಲ್ ಬೆಂಕಿಗೆ ನೀರು ಎರಚಿದರೆ ಅದು ಹರಡುತ್ತದೆ.

ನೀರಿನಿಂದ ಎತ್ತಿದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯಬೇಕಲ್ವಾ?

ಬೇಡ. ಹೊಟ್ಟೆ ಒತ್ತುವುದು, ತಲೆಕೆಳಗೆ ಹಿಡಿಯುವುದು, ಬೆನ್ನ ಮೇಲೆ ಹೊತ್ತು ಓಡುವುದು, ಇವೆಲ್ಲ ಹಳೇ ಕಾಲದಿಂದ ನಡೆದುಬಂದಿವೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಇದರಿಂದ ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ, ಬೆಲೆಬಾಳುವ ನಿಮಿಷಗಳು ಹೋಗುತ್ತವೆ. ಮುಳುಗಿದವರಿಗೆ ಬೇಕಿರುವುದು ಗಾಳಿ.

ಕೂಗಿ, ಭುಜ ಅಲ್ಲಾಡಿಸಿ. ಉಸಿರು ಇಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಒಬ್ಬರು 112ಕ್ಕೆ ಫೋನ್ ಮಾಡಲಿ. ತಲೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ಊದಿ. ಎದೆ ಏಳುವುದು ಕಾಣಬೇಕು. ಆಮೇಲೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು 30 ಸಲ ಒತ್ತಿ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ಮತ್ತೆ ಎರಡು ಉಸಿರು, ಮತ್ತೆ 30. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ, ಸುಸ್ತಾದರೆ ಇನ್ನೊಬ್ಬರು ಮುಂದುವರಿಸಲಿ. ವಾಂತಿ ಬಂದರೆ ಮಗ್ಗುಲಿಗೆ ತಿರುಗಿಸಿ, ಬಾಯಿ ಒರೆಸಿ, ಮತ್ತೆ ಶುರು ಮಾಡಿ.

ಎದ್ದು ಕೂತು "ನನಗೇನೂ ಆಗಿಲ್ಲ" ಎಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಾಗರದ ಸರ್ಕಾರಿ ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್‌ಗೋ, ಯಾವುದು ಹತ್ತಿರವೋ ಅಲ್ಲಿಗೆ. ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಕೆಲವು ಗಂಟೆ ಬಿಟ್ಟು ಕಾಣಿಸಿಕೊಳ್ಳಬಹುದು. ಕೆಮ್ಮು, ಏದುಸಿರು, ಮಂಪರು ಇದ್ದರೆ ಮನೆಯಲ್ಲಿ ಮಲಗಿಸಲೇಬೇಡಿ.

ಬೇಸಿಗೆಯಲ್ಲಿ ನೀರು ಇಳಿದ ಜಾಗದಲ್ಲಿ ದೋಣಿಯಿಂದ ಇಳಿದು ನಡೆಯಬಹುದಾ?

ಮೇಲೆ ಒಣಗಿದಂತೆ ಕಂಡರೂ ಕೆಳಗೆ ಹೂಳು ಇರುತ್ತದೆ. ಹುಟ್ಟಿನಿಂದ ಚುಚ್ಚಿ ನೋಡದೆ ಇಳಿಯಬೇಡಿ. ಕಾಲು ಹೂತರೆ ಎಳೆದಾಡಬೇಡಿ, ಇನ್ನೂ ಹೂತುಹೋಗುತ್ತೀರಿ. ಹಿಂದಕ್ಕೆ ಒರಗಿ ಭಾರ ಹರಡಿ, ಒಂದೊಂದೇ ಕಾಲನ್ನು ಅಲ್ಲಾಡಿಸುತ್ತಾ ನಿಧಾನಕ್ಕೆ ಬಿಡಿಸಿಕೊಳ್ಳಿ. ಚಪ್ಪಲಿ ಹೋದರೆ ಹೋಗಲಿ.

ತುಂಗಾ, ಭದ್ರಾ ಕಡೆಗೂ ಇದೇ ಮಾತಾ?

ಹೆಚ್ಚಿನದು ಇದೇ. ಆದರೆ ಹರಿಯುವ ಹೊಳೆಗೆ ಬೇರೆ ಸ್ವಭಾವ. ತೀರ್ಥಹಳ್ಳಿಯಲ್ಲಿ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಮಳೆ ಸುರಿದರೆ ತುಂಗೆ ಏರುತ್ತಾಳೆ. ತಿಳಿ ನೀರು ಕೆಂಪಾಯಿತು, ಎಲೆ ಕಡ್ಡಿ ತೇಲಿಬರಲು ಶುರುವಾಯಿತು ಎಂದರೆ ದಡ ಸೇರಿ. ಗಾಜನೂರು ಅಣೆಕಟ್ಟು ಮಳೆಗಾಲದಲ್ಲಿ ಬೇಗ ತುಂಬುತ್ತದೆ. ಗೇಟು ತೆಗೆದರೆ ಕೆಳಗಿನ ಹೊಳೆ ಏಕಾಏಕಿ ಏರುತ್ತದೆ. ಯಾವ ಅಣೆಕಟ್ಟಿನ ಗೇಟಿನ ಹತ್ತಿರವೂ, ಮೇಲಾಗಲಿ ಕೆಳಗಾಗಲಿ, ದೋಣಿ ಒಯ್ಯಬೇಡಿ.

ಭದ್ರಾ ಹಿನ್ನೀರಿನಲ್ಲಿ ಮೊಸಳೆಗಳಿವೆ. ಕೈ ನೀರಿಗೆ ಇಳಿಬಿಡಬೇಡಿ. ಬೇಸಿಗೆಯಲ್ಲಿ ಅಲ್ಲಿನ ನಡುಗಡ್ಡೆಗಳ ನೆಲದ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಟ್ಟಿರುತ್ತವೆ, ಅಲ್ಲಿ ಇಳಿಯಬೇಡಿ.

ತೆಪ್ಪಕ್ಕೆ ಮುಂದಿಲ್ಲ, ಹಿಂದಿಲ್ಲ. ಗುಂಡಗಿದೆ, ತಿರುಗುತ್ತದೆ. ತಳದಲ್ಲಿ ಸುತ್ತಲೂ ಸಮ ತೂಕ ಹಂಚಿ ಕೂರಿ. ನಿಂತು ಫೋಟೊ ತೆಗೆಯುವುದು ಬೇಡ. ಅಂಬಿಗರನ್ನು ಗಿರಗಿರ ತಿರುಗಿಸಿ ಎಂದು ಒತ್ತಾಯಿಸಬೇಡಿ.

ಒಂದೆರಡು ಬಿಯರ್ ಕುಡಿದು ಹೋದರೆ?

ಬೇಡ. ವಾಪಸ್ ಬಂದ ಮೇಲೆ ನಿಮ್ಮಿಷ್ಟ.

ಇಲ್ಲಿಯವರಿಗೆ ಇದೆಲ್ಲ ಹುಟ್ಟಿನಿಂದಲೇ ಗೊತ್ತಿರುತ್ತದಲ್ವಾ?

ಮೊದಲು ಗೊತ್ತಿತ್ತು. ಸಿಗಂದೂರಿಗೆ, ತುಮರಿಗೆ ಹೋಗಲು ಲಾಂಚ್ ಹತ್ತಲೇಬೇಕಿತ್ತು. ಮಕ್ಕಳು ನೀರಿನ ರೀತಿ ನೋಡುತ್ತಲೇ ಬೆಳೆಯುತ್ತಿದ್ದರು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. ಆಸ್ಪತ್ರೆಗೆ, ಕಾಲೇಜಿಗೆ ಹೋಗುವವರ ದಶಕಗಳ ಕಷ್ಟ ನೀಗಿತು. ಅದು ನಮಗೆಲ್ಲ ಬಹಳ ದೊಡ್ಡ ಸಂತೋಷ. ಆದರೆ ಈಗಿನ ಮಕ್ಕಳಿಗೆ ನೀರಿನ ರೂಢಿ ತಪ್ಪುತ್ತಿದೆ. ಹಾಗಾಗಿ ನಮ್ಮ ಮನೆಯ ಮಕ್ಕಳಿಗೂ ಇದನ್ನೆಲ್ಲ ಕೂರಿಸಿಕೊಂಡು ಹೇಳುತ್ತೇನೆ.

ನನಗೆ ನೀರು ಕಂಡರೆ ಭಯ. ಎಲ್ಲರೂ ಹೋಗುತ್ತಾರೆ ಎಂದು ನಾನೂ ಹೋಗಬೇಕಾ?

ಖಂಡಿತ ಬೇಡ. ನೀವು ದಡದಲ್ಲಿ ಉಳಿಯಿರಿ. ಚೀಟಿ ನಿಮ್ಮ ಕೈಯಲ್ಲಿರಲಿ, ಗಡಿಯಾರ ನೋಡುತ್ತಿರಿ. ನಮ್ಮ ದೊಡ್ಡಮ್ಮ ಒಂದು ಸಲವೂ ದೋಣಿ ಹತ್ತಿದವರಲ್ಲ.